ಕೊಸರು

ಇಪ್ಪತ್ತು ರೂಪಾಯಿಯ ರಸೀದಿ ಹರಿಯಲು
ಸಂತೇಪೇಟೆಗೆ ಹೊರಟಿದ್ದೇನೆ,
ಆಟೋಗೆ ಅರವತ್ತು ಕೊಟ್ಟು.

ನಮ್ಮದು ತಕ್ಕಡಿ ಕಂಪನಿ.
ಹಾಸನದ ಬಿ.ಎಂ. ರಸ್ತೆಯಲ್ಲಿ ಒಂದು ಶೆಡ್ಡು, ಹನ್ನೊಂದು ಜನ.
ಹೋದ ಮಾರ್ಚಿನಲ್ಲಿ ಆಲೂಗಡ್ಡೆ ಮಂಡಿಗಳಿಗೆ
ನೂರ ನಲವತ್ತು ತಕ್ಕಡಿ ಮಾರಿದೆವು.
ಒಂದೊಂದರ ಹೊಟ್ಟೆಯಲ್ಲೂ ಒಂದು ಸ್ಪೀಕರು,
ಬಾಯಿ ಹೊಲಿದು ಕೂರಿಸಿದ್ದು.
ಬೋರ್ಡು ಬಂದದ್ದೇ ಹಾಗೆ, ಸ್ಪೀಕರಿಲ್ಲದ್ದಕ್ಕೆ ಬೆಲೆ ಹೆಚ್ಚು.
ಯಾರಿಗೂ ಹೇಳಿರಲಿಲ್ಲ.

ಶ್ರೇಯಾಂಸ ಎರಡು ತಿಂಗಳು ಕೂತು
ಅದಕ್ಕೆ ಮಾತು ಬರೆದ.
ಅವನ ಸೋದರತ್ತೆಯ ದನಿ:
ಒಂದರಿಂದ ನೂರು, ಆಮೇಲೆ ನೂರುಗಳು, ಕಿಲೋ, ಗ್ರಾಂ.
ಎಂಟುನೂರು ಅನ್ನುವಾಗ ಬಂದ ಸಣ್ಣ ಕೆಮ್ಮು
ತೆಗೆಯದೆ ಉಳಿಯಿತು.
ಇನ್ನು ತೂಕವನ್ನು ತಕ್ಕಡಿಯೇ ಕೂಗುತ್ತದೆ,
ಮೂಟೆಯ ಆಚೆ ನಿಂತವರಿಗೂ ಕೇಳುತ್ತದೆ.
ಪುಕ್ಕಟೆ ಹಾಕಿಕೊಡೋಣ, ಎಂದರು ಮಾಲೀಕರು,
ಗೌರಿ ಹಬ್ಬ ಬಂತಲ್ಲ.

ಆಡಿಟರ್ ಧರಣೇಂದ್ರಯ್ಯ ಕನ್ನಡಕ ಹಣೆಗೇರಿಸಿದರು.
"ಮಾರ್ಚಿನಲ್ಲಿ ಏನು ಮಾರಿದಿರಿ?"
ತೂಗುವ ತಕ್ಕಡಿ.
"ಮಾರಾಟ ಮುಗಿಯಿತಾ?"
ಮುಗಿಯಿತು.
"ಮುಗಿದದ್ದಕ್ಕೆ ಈಗ ಮಾತು ಸೇರಿಸಿದರೆ
ಆವತ್ತು ಮುಗಿದಿರಲಿಲ್ಲ ಅಂತಾಯಿತು.
ಕೊಡುವುದು ಬಾಕಿ ಇಟ್ಟುಕೊಂಡು
ಬೆಲೆ ಪೂರ್ತಿ ಎಣಿಸಿಬಿಟ್ಟಿರಿ.
ಲೆಕ್ಕ ಒಡೆಯಬೇಕು. ಮಾತಿನ ಪಾಲು ಇಷ್ಟು ಅಂತ ಕಿತ್ತು
ಈ ವರ್ಷಕ್ಕೆ ತಳ್ಳಬೇಕು.
ಬ್ಯಾಂಕು ಸಾಲ ಕೊಟ್ಟದ್ದು ಹಳೇ ಲಾಭ ನೋಡಿ, ನೆನಪಿರಲಿ."
ಆಮೇಲೆ ಮೇಜಿನ ಧೂಳನ್ನು ಬೆರಳಲ್ಲಿ ಒರೆಸುತ್ತ, ಮೆತ್ತಗೆ:
"ಇಪ್ಪತ್ತು ರೂಪಾಯಿ ತಗೊಳ್ಳಿ. ಹೊಸ ವ್ಯಾಪಾರ.
ಹಳೆಯದರ ಬಾಗಿಲು ಹಾಕಿದ್ದು ಹಾಕಿದ ಹಾಗೇ ಇರಲಿ."

ನಾನು ದುದ್ದದ ದಿನಸಿ ಅಂಗಡಿಯಲ್ಲಿ ಬೆಳೆದವಳು.
ಅಪ್ಪನ ಕೈ
ಸೇರು ಅಳೆದು ಮುಗಿಸಿದ ಮೇಲೆಯೇ ಕೊಸರಿಗೆ ಏಳುತ್ತಿತ್ತು.
ಅಳತೆಯೊಳಗೆ ಸೇರಿದರೆ ಅದು ಕೊಸರಲ್ಲ.
ಆದರೂ, ಮರೆತ ದಿನ
ಗಿರಾಕಿಗಳು ಚೀಲ ಮುಚ್ಚದೆ ನಿಂತೇ ಇರುತ್ತಿದ್ದರು.
ಅಂದಮೇಲೆ ಬೆಲೆಯಲ್ಲಿ ಅದೂ ಇತ್ತೇ?
ಅಪ್ಪ ಅಷ್ಟು ವರ್ಷ
ಬಾಕಿ ತೀರಿಸುತ್ತಿದ್ದನೇ, ದಾನ ಎಂದುಕೊಂಡು?
ಧರಣೇಂದ್ರಯ್ಯನವರನ್ನು ಕೇಳಬೇಕೆನಿಸಿತು.
ಕೇಳಲಿಲ್ಲ.

ಖಲಂದರ್ ಸಾಬರು ನೋಟನ್ನು ಬೆರಳಲ್ಲೇ ಹಿಡಿದು ಕೂತರು.
"ದನಿ ಒಳಗೇ ಇತ್ತಾ?"
ಇತ್ತು.
"ತಕ್ಕಡಿ ನಂದೇ ತಾನೆ?"
ನಿಮ್ಮದೇ.
"ಮತ್ತೆ ಇಪ್ಪತ್ತು ಯಾತಕ್ಕಮ್ಮ?"
ಮುಗಿದದ್ದು ಮುಗಿದೇ ಇರಲಿ ಅಂತ, ಎಂದೆ.
ನನಗೇ ಅದು ಬೇರೆ ಯಾರೋ ಆಡಿದಂತೆ ಕೇಳಿಸಿತು.
"ರಿಪೇರಿ ಆಗಿಲ್ಲ, ಮಾಲು ಬಂದಿಲ್ಲ,
ಯಾವ ಖಾತೆಗೆ ಬರೀಲಿ ಇದನ್ನ?"
ತಲೆ ಕೆರೆದು ಕೊನೆಗೆ
ಚಹಾದ ಖರ್ಚಿನ ಕೆಳಗೆ ಬರೆದುಕೊಂಡರು.

ಕೇಬಲ್ ಸಿಕ್ಕಿಸಿದೆ. ನಾಲ್ಕು ನಿಮಿಷ.
ಖಾಲಿ ತಟ್ಟೆಯ ಮೇಲೆ ಅದರ ಮೊದಲ ಮಾತು:
"ಸೊನ್ನೆ."
ಹಮಾಲರೆಲ್ಲ ನಕ್ಕರು.

ಶಾಂತಿಗ್ರಾಮದ ಜವರಮ್ಮನ ಮೂಟೆ ಏರಿತು.
"ನಲವತ್ತೊಂಬತ್ತು ಕಿಲೋ ಎಂಟುನೂರು ಗ್ರಾಂ,"
ಕೆಮ್ಮಿನ ಸಮೇತ.
ಆಕೆ ಕೈಯ ಮಣ್ಣು ಸೆರಗಿಗೆ ಒರೆಸಿಕೊಂಡು
ತಕ್ಕಡಿಯನ್ನು ಸ್ವಲ್ಪ ಹೊತ್ತು ನೋಡಿದಳು.
"ಹೋದ ಸಲನೂ ಇದಕ್ಕೆ ಗೊತ್ತಿತ್ತಾ?"
ಸಾಬರು ಪುಸ್ತಕದಿಂದ ತಲೆ ಎತ್ತಲಿಲ್ಲ.
ನಾನು ರಸೀದಿ ಹರಿದೆ.

ಹೊರಡುವಾಗ ಅವರು ರಾಶಿಯಿಂದ
ದಪ್ಪನೆಯ ಗಡ್ಡೆ ಮೂರು ಆರಿಸಿ,
ನಾನು ಚೀಲ ಬಿಚ್ಚುವ ತನಕ
ತಟ್ಟೆಯ ಮೇಲೆ ಇಟ್ಟರು.
"ಆರುನೂರ ಹತ್ತು ಗ್ರಾಂ!"
ಶ್ರೇಯಾಂಸನ ಅತ್ತೆ, ಇಡೀ ಮಂಡಿಗೆ ಕೇಳುವಂತೆ.

"ಏಯ್, ಸುಮ್ನಿರು," ಗದರಿದರು ಸಾಬರು,
"ಇದು ಕೊಸರು."